ಪ್ರೋಥೈಮೊಸಿನ್ ಆಲ್ಫಾ: ಕೋಶಕೇಂದ್ರದ ಪುಟ್ಟ ಆಮ್ಲೀಯ ಪ್ರೋಟೀನು

ಕೋಶಕೇಂದ್ರದ ಪ್ರೋಟೀನು ಎಂದೊಡನೆ ಅಭ್ಯರ್ಥಿಗಳು ಹಿಸ್ಟೋನ್ ಎಂದು ಗುರುತು ಹಾಕುತ್ತಾರೆ. ಪ್ರಶ್ನೆಯಲ್ಲಿ ‘ಆಮ್ಲೀಯ’ ಎಂಬ ಪದವಿದ್ದರೆ ಆ ಉತ್ತರ ತಪ್ಪು, ಹಿಸ್ಟೋನ್‌ಗಳು ಪ್ರತ್ಯಾಮ್ಲೀಯ.

ಅಂಥ ಆಮ್ಲೀಯ ಪ್ರೋಟೀನಾದ ಪ್ರೋಥೈಮೊಸಿನ್ ಆಲ್ಫಾದಲ್ಲಿ ಸುಮಾರು 110 ಅಮೈನೊ ಆಮ್ಲಗಳಿವೆ. ಅಣುತೂಕ ಸುಮಾರು 12 ಕಿಲೊಡಾಲ್ಟನ್. ಅಮೈನೊ ಆಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗ್ಲುಟಾಮಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳೇ ಆಗಿರುವುದರಿಂದ ಇಡೀ ಅಣುವಿಗೆ ಭಾರೀ ಋಣಾವೇಶ. 1984ರಲ್ಲಿ ಇದನ್ನು ಇಲಿಯ ಥೈಮಸ್ ಗ್ರಂಥಿಯಿಂದ ಬೇರ್ಪಡಿಸಲಾಯಿತು. ಹೆಸರು ಅಲ್ಲಿಂದಲೇ ಬಂದಿದ್ದರೂ ಇದು ಥೈಮಸ್‌ಗೆ ಸೀಮಿತವಲ್ಲ, ಸಸ್ತನಿಗಳ ಬಹುತೇಕ ಅಂಗಾಂಶಗಳಲ್ಲಿ ಸಿಗುತ್ತದೆ. ವಿಭಜನೆಗೊಳ್ಳುವ ಕೋಶಗಳಲ್ಲಿ ಪ್ರಮಾಣ ಹೆಚ್ಚು.

ಗುರುತಿಸುವ ಬಗೆ ನಿಜಕ್ಕೂ ಸ್ವಾರಸ್ಯಕರ. ಟ್ರಿಪ್ಟೊಫ್ಯಾನ್, ಟೈರೊಸಿನ್, ಫಿನೈಲ್‌ಅಲನಿನ್ ಯಾವುವೂ ಇದರಲ್ಲಿಲ್ಲ. ಹಾಗಾಗಿ ಪ್ರೋಟೀನು ಅಳೆಯಲು ವಾಡಿಕೆಯಾಗಿ ಬಳಸುವ 280 ನ್ಯಾನೊಮೀಟರ್ ಅತಿನೇರಳೆ ಬೆಳಕಿಗೆ ಇದು ಕಾಣಸಿಗದು. ಕೂಮಾಸಿ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಕುದಿಸಿದಾಗ ಹೆಚ್ಚಿನ ಪ್ರೋಟೀನುಗಳು ಗರಣೆಗಟ್ಟುತ್ತವೆ, ಇದು ಮಾತ್ರ ದ್ರಾವಣದಲ್ಲೇ ಉಳಿಯುತ್ತದೆ. ಕಾರಣ, ಇದಕ್ಕೆ ಕೆಡಲು ಸ್ಥಿರವಾದ ಮಡಿಕೆಯೇ ಇಲ್ಲ.

ಪಠ್ಯಪುಸ್ತಕಗಳು ‘ರಚನೆಯೇ ಕಾರ್ಯವನ್ನು ನಿರ್ಧರಿಸುತ್ತದೆ’ ಎನ್ನುತ್ತವೆ. ಆ ಮಾತಿಗೆ ಇಲ್ಲೊಂದು ತಿದ್ದುಪಡಿ ಬೇಕು. ಧನಾವೇಶದ ಹಿಸ್ಟೋನ್ ಎಚ್1 ಜೊತೆ ಇದು ಅತ್ಯಂತ ಬಿಗಿಯಾಗಿ ಬೆಸೆದುಕೊಳ್ಳುತ್ತದೆ. ಆದರೂ ಎರಡೂ ನಿಶ್ಚಿತ ಆಕಾರ ತಳೆಯುವುದಿಲ್ಲ ಎಂದು 2018ರಲ್ಲಿ ‘ನೇಚರ್’ ಪತ್ರಿಕೆಯ ಸಂಶೋಧನಾ ಲೇಖನ ತೋರಿಸಿತು. ಆವೇಶಗಳ ಸೆಳೆತವೇ ಸಾಕಾಗುತ್ತದೆ. ಹೀಗೆ ಎಚ್1 ಅನ್ನು ಹಿಡಿದು, ಕ್ರೊಮ್ಯಾಟಿನ್ ಸಡಿಲಗೊಳ್ಳಲು ಇದು ನೆರವಾಗುತ್ತದೆ.

ಇದರ ಆರಂಭದ 28 ಅಮೈನೊ ಆಮ್ಲಗಳ ತುಣುಕೇ ಥೈಮೊಸಿನ್ ಆಲ್ಫಾ-1. ‘ಹೊಂದಿಸಿ ಬರೆಯಿರಿ’ ಪ್ರಶ್ನೆಗಳಲ್ಲಿ ಇವೆರಡನ್ನು ಬೆರೆಸಬೇಡಿ.