ಹೃದಯ ದುರ್ಬಲವಾದವರಿಗೆ ನಡಿಗೆಯ ಪಾಠ



‘ಹಾರ್ಟ್ ಫೇಲ್ಯೂರ್’ ಎಂದು ವೈದ್ಯರು ಹೇಳಿದೊಡನೆ ಮನೆಯವರು ಎದೆಗುಂದುತ್ತಾರೆ. ರೋಗಿಯನ್ನು ಜಗಲಿಯ ಮೇಲೆ ಕೂರಿಸಿ ಒಂದು ತಂಬಿಗೆ ನೀರನ್ನೂ ಎತ್ತಗೊಡುವುದಿಲ್ಲ. ಆ ಮಾತಿನ ಅರ್ಥ ಹೃದಯ ನಿಂತುಹೋಯಿತು ಎಂದಲ್ಲ. ತೋಟದ ಪಂಪು ತಿರುಗುತ್ತಲೇ ಇದ್ದು, ಕೊನೆಯ ಮಡಿಗೆ ನೀರು ಮುಟ್ಟಿಸಲಾರದ ಸ್ಥಿತಿ ಎಂದು ತಿಳಿಯಿರಿ. ಆಗ ಆಯಾಸ ಬರುತ್ತದೆ, ಕಾಲು ಊದುತ್ತದೆ, ಏದುಸಿರು ಹತ್ತುತ್ತದೆ.

ಹಿಂದೆ ವೈದ್ಯರೂ ಇಂಥವರಿಗೆ ಹಾಸಿಗೆಯನ್ನೇ ವಿಧಿಸುತ್ತಿದ್ದುದು ನಿಜ. ಅಮೆರಿಕ, ಕೆನಡ, ಫ್ರಾನ್ಸ್ ದೇಶಗಳ 2,331 ರೋಗಿಗಳಲ್ಲಿ ನಡೆದ ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು. ಕ್ರಮವಾದ ವ್ಯಾಯಾಮದಿಂದ ಅವರಿಗೆ ಕೇಡಾಗಲಿಲ್ಲ. ನಡೆಯುವ ಶಕ್ತಿಯೂ ನೆಮ್ಮದಿಯೂ ಕೊಂಚ ಹೆಚ್ಚಿದುವು. ಪಳಗಿದ ಸ್ನಾಯು ಅದೇ ಕೆಲಸಕ್ಕೆ ಹೃದಯವನ್ನು ಕಡಿಮೆ ಕಾಡುತ್ತದೆ. ಜ್ವರದಿಂದೆದ್ದ ಎತ್ತನ್ನು ಕೂಡಲೇ ನೇಗಿಲಿಗೆ ಹೂಡುವವರಿಲ್ಲ, ವರ್ಷವಿಡೀ ಕೊಟ್ಟಿಗೆಯಲ್ಲಿ ಕಟ್ಟಿಹಾಕುವವರೂ ಇಲ್ಲವಷ್ಟೆ.

ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಕಾಲೂತ, ಏದುಸಿರು ಹತೋಟಿಗೆ ಬಂದ ಮೇಲೆಯೇ ಆರಂಭಿಸತಕ್ಕದ್ದು. ಸಮತಟ್ಟಾದ ದಾರಿಯಲ್ಲಿ ದಿನಕ್ಕೆರಡು ಬಾರಿ ಐದೈದು ನಿಮಿಷ ನಡೆದರೆ ಮೊದಲಿಗೆ ಸಾಕು. ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತ ಅರ್ಧ ಗಂಟೆಯವರೆಗೆ ಹೋಗಬಹುದು. ಹೊರಡುವಾಗಲೂ ಮುಗಿಸುವಾಗಲೂ ನಿಧಾನವಿರಲಿ, ಥಟ್ಟನೆ ನಿಲ್ಲಕೂಡದು. ನಡೆಯುತ್ತ ಜೊತೆಯವರೊಡನೆ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಉಂಡ ಮೇಲೆ ಒಂದು ಗಂಟೆಯಾದರೂ ಬಿಡಿ. ಏರುಬಿಸಿಲು ಬೇಡ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಬಿಸಿಲಿನಲ್ಲಿ ಬೇಗ ತಲೆ ಸುತ್ತುತ್ತದೆ.

‘ಹೊಲದ ಕೆಲಸವೇ ವ್ಯಾಯಾಮವಲ್ಲವೇ?’ ಎಂದು ಹಿರಿಯರು ಕೇಳುತ್ತಾರೆ. ಎಲ್ಲವೂ ಅಲ್ಲ. ಹೂವು ಕಾಯಿ ಬಿಡಿಸುವುದು ಸರಿ. ಉಸಿರು ಬಿಗಿಹಿಡಿದು ಮೂಟೆ ಎತ್ತುವುದು, ಬಾವಿಯಿಂದ ನೀರು ಸೇದುವುದು, ಗುದ್ದಲಿಯಿಂದ ಅಗೆಯುವುದು ಬೇಡ. ಆಗ ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ಈ ಮಾತು ಹಿರಿಯರಿಗೆ ರುಚಿಸದೆಂದು ಬಲ್ಲೆ. ಮಗನ ಕೈಗೆ ಗುದ್ದಲಿ ಒಪ್ಪಿಸುವುದು ನಡಿಗೆಗಿಂತ ಕಷ್ಟ.

ಪ್ರತಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ಮೈಯಲ್ಲಿ ನೀರು ನಿಂತದ್ದು. ಅಂದು ನಡಿಗೆ ಬಿಟ್ಟು ವೈದ್ಯರಲ್ಲಿಗೆ ಹೋಗಿ. ರಾತ್ರಿ ದಿಂಬು ಎತ್ತರಿಸದೆ ಮಲಗಲಾಗದಿದ್ದರೂ ಹಾಗೆಯೇ. ನಡೆಯುವಾಗ ಎದೆನೋವು, ತಲೆಸುತ್ತು, ವಿಪರೀತ ಎದೆಬಡಿತ ಕಂಡರೆ ಅಲ್ಲೇ ಕುಳಿತುಕೊಳ್ಳಿ. ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ, ಇಲ್ಲವೆ ಪ್ರಜ್ಞೆ ತಪ್ಪಿದರೆ, ಜೊತೆಯವರು ಕೂಡಲೇ 108ಕ್ಕೆ ಕರೆ ಮಾಡಬೇಕು. ಮೊದಲ ತಿಂಗಳುಗಳಲ್ಲಿ ಒಬ್ಬರೇ ನಡೆಯಕೂಡದೆನ್ನುವುದು ಇದಕ್ಕಾಗಿಯೇ. ಮೊಮ್ಮಗನನ್ನು ಕರೆದುಕೊಂಡು ಹೊರಡಿ. ಜೇಬಿನಲ್ಲಿ ವೈದ್ಯರ ಔಷಧಿ ಚೀಟಿ ಇರಲಿ.