ಇಂಗ್ಲಿಷಿನ ಕಾಗುಣಿತವೂ ಬಹುವಚನವೂ

ಕೆ, ಎನ್, ಐ, ಜಿ, ಎಚ್, ಟಿ ಎಂಬ ಆರು ಅಕ್ಷರಗಳನ್ನು ಬರೆದು, ವೀರಯೋಧನೆಂಬರ್ಥದಲ್ಲಿ 'ನೈಟ್' ಎಂದು ಓದಬೇಕಾದಾಗ, ಇಂಗ್ಲಿಷ್ ಕಲಿಯುವ ವಿದ್ಯಾರ್ಥಿನಿಯು ತನ್ನ ಬುದ್ಧಿಯೇ ಮಂದವೆಂದು ಕುಗ್ಗುವುದುಂಟು. ಹಾಗೆ ಕುಗ್ಗಲು ಕಾರಣವಿಲ್ಲ. ಪೂರ್ವಕಾಲದ ಆಂಗ್ಲರು ಈ ಪದದ ಕೆ ಅಕ್ಷರವನ್ನೂ ಜಿ-ಎಚ್ ಜೋಡಿಯನ್ನೂ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬಾತನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ತರುವಾಯ ಬರಹವು ಕ್ರಮೇಣ ಸ್ಥಿರವಾಯಿತು. ಉಚ್ಚಾರಣೆಯಾದರೋ ಬದಲಾಗುತ್ತಲೇ ಹೋಯಿತು. ನಮ್ಮ ಕನ್ನಡದಲ್ಲಿ ಹಳೆಯ 'ಪಾಲು' 'ಹಾಲು' ಆದಾಗ ಬರಹವೂ ಅದನ್ನು ಹಿಂಬಾಲಿಸಿತು, ಅಲ್ಲಿ ಹಿಂಬಾಲಿಸಲಿಲ್ಲ. ಸಾಲವೆಂಬರ್ಥದ 'ಡೆಟ್' ಪದದಲ್ಲಿರುವ ಬಿ ಅಕ್ಷರದ ಕಥೆಯೇ ಬೇರೆ: ಲ್ಯಾಟಿನಿನ 'ಡೆಬಿಟಮ್' ಎಂಬ ಮೂಲವನ್ನು ತೋರಿಸಲೆಂದು ಪಂಡಿತರು ಅದನ್ನು ಸೇರಿಸಿದರು.

ಬಹುವಚನಗಳ ಸಂಗತಿಯೂ ನಿಷ್ಕಾರಣವಾದುದಲ್ಲ. 'ಫುಟ್' ಎಂಬುದು 'ಫೀಟ್' ಆಗಲು, ಅತಿ ಪ್ರಾಚೀನಕಾಲದಲ್ಲಿ ಬಹುವಚನದ ಕೊನೆಗಿದ್ದ ಇಕಾರವೇ ಕಾರಣ. ಅದು ತನ್ನ ಹಿಂದಿನ ಸ್ವರವನ್ನು ಮಾರ್ಪಡಿಸಿ ತಾನು ಲೋಪವಾಯಿತು. 'ಟೂತ್–ಟೀತ್', 'ಗೂಸ್–ಗೀಸ್', 'ಮೌಸ್–ಮೈಸ್' ಇವೂ ಅದೇ ಕುಲದವು. 'ಆಕ್ಸ್' ಪದವು 'ಆಕ್ಸೆನ್' ಆಗುವಲ್ಲಿ ಹಳೆಯ ಬಹುವಚನಪ್ರತ್ಯಯವೊಂದು ಉಳಿದಿದೆ. 'ಚಿಲ್ಡ್ರೆನ್' ಎಂಬುದರಲ್ಲಿ ಪ್ರತ್ಯಯಗಳೇ ಎರಡು: 'ಚಿಲ್ಡರ್' ಎಂಬ ಬಹುವಚನಕ್ಕೇ ಮತ್ತೆ 'ಎನ್' ಸೇರಿತು.

ಆದುದರಿಂದ, ಸೋದರಿಯರೇ, ಇಂಥ ಪದಗಳನ್ನು ಬಿಡಿಬಿಡಿಯಾಗಿ ಉರುಹೊಡೆಯದೆ, ಕುಲವರಿತು ಗುಂಪುಗೂಡಿಸಿ ಬರೆದುಕೊಳ್ಳಿರಿ. ಕಾರಣವರಿತು ಕಲಿತುದು ಪರೀಕ್ಷೆಯ ಮರುದಿನವೂ ಮನಸ್ಸಿನಲ್ಲಿ ನಿಲ್ಲುವುದು.