ಜೂಜು ಕಾನೂನು: ಮಾಂಡೋವಿಯಿಂದ ಮೊಬೈಲಿಗೆ

ಜೂಜು ಮತ್ತು ಬಾಜಿ ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 34ನೇ ನಮೂದು. ಹಾಗಾಗಿ ಒಂದು ರಾಜ್ಯದಲ್ಲಿ ಅಪರಾಧವಾದ ಆಟ ಗಡಿ ದಾಟಿದರೆ ಪರವಾನಗಿ ಪಡೆದ ವ್ಯಾಪಾರ. 1867ರ ಸಾರ್ವಜನಿಕ ಜೂಜು ಕಾಯ್ದೆ ಬೆನ್ನುಹತ್ತಿದ್ದು ಜೂಜು ಅಡ್ಡೆಯನ್ನು, ಅಂದರೆ ಗೋಡೆ-ಬಾಗಿಲಿರುವ ಜಾಗವನ್ನು. ಕಾನೂನು ಜಾಗ ನೋಡಿದರೆ ವ್ಯಾಪಾರವೂ ಜಾಗ ಹುಡುಕುತ್ತದೆ. ಗೋವಾ ತನ್ನ 1976ರ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಕ್ಕೂ, 1996ರಲ್ಲಿ ಹಡಗಿನ ಮೇಲಿನ ಟೇಬಲ್ ಆಟಕ್ಕೂ ಅವಕಾಶ ಕೊಟ್ಟಿತು. ಪಣಜಿಯಲ್ಲಿ ಮಾಂಡೋವಿ ನದಿಯ ನಡುವೆ ಲಂಗರು ಹಾಕಿ, ಎಲ್ಲಿಗೂ ಹೋಗದೆ ನಿಂತ ಕ್ಯಾಸಿನೊ ಹಡಗುಗಳು ‘ಹಡಗು’ ಎಂಬ ಆ ಒಂದು ಪದದ ಫಲ.

ಮೊಬೈಲಿಗೆ ಗೋಡೆಯೇ ಇಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಆನ್‌ಲೈನ್ ಕಂಪನಿಗಳಿಗೆ ಆಸರೆಯಾಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಕೌಶಲ-ಅದೃಷ್ಟದ ಭೇದ ಅಳಿಸಹೊರಟಾಗ, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ವಿಧಿಗಳನ್ನು ರದ್ದುಮಾಡಿತು. ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳದೆ ಹಣದ ಆಟವನ್ನೇ ನಿಷೇಧಿಸಿತು. ನಿಷೇಧಿಸಿದರೆ ಆಟ ವಿದೇಶಿ ಜಾಲತಾಣಗಳಿಗೆ ಓಡುತ್ತದೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಈ ಕಾಯ್ದೆ ಆಡುವವನನ್ನು ಶಿಕ್ಷಿಸುವುದಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಹಣ ದಾಟಿಸುವ ಬ್ಯಾಂಕಿಗೂ ತಡೆ. ಸರ್ವರ್ ಎಲ್ಲೇ ಇರಲಿ, ದುಡ್ಡು ಹೆಚ್ಚಾಗಿ ಹೊರಡುವುದು ಇಲ್ಲಿನ ಖಾತೆಯಿಂದಲೇ. ರಾಜ್ಯಪಟ್ಟಿಯ ವಿಷಯಕ್ಕೆ ಕೇಂದ್ರ ಕೈಹಾಕಬಹುದೇ ಎಂಬ ಪ್ರಶ್ನೆ ಆ ಆಕ್ಷೇಪಕ್ಕಿಂತ ಗಟ್ಟಿ. ಅಂದಹಾಗೆ, ಮಾಂಡೋವಿಯ ಹಡಗುಗಳನ್ನು ಈ ಕಾಯ್ದೆ ಮುಟ್ಟಿಲ್ಲ.